ಆಲ್ಕಾಕ್ ಕಂಡ ಸಿಗಡಿಯ ಬೆಳಕು

ಅಂಜನಾಪುರದಲ್ಲಿ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಗೆ ‘ಜೀವಿಗಳ ಆತ್ಮರಕ್ಷಣೆ’ ಎಂಬ ವಿಷಯವನ್ನು ಒಬ್ಬ ವಿಜ್ಞಾನಿಯ ಜೀವನದ ಮೂಲಕ ಬೋಧಿಸಿದೆ. ಆ ಪಾಠದ ತಿರುಳನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಪೂರ್ವಜ್ಞಾನಕ್ಕೆ ಕೊರತೆಯಿರಲಿಲ್ಲ. ಹಲ್ಲಿ ಬಾಲ ಕಳಚುವುದು, ಗದ್ದೆಯ ಏಡಿ ಹಿಡಿದ ಕಾಲನ್ನೇ ಬಿಟ್ಟು ಓಡುವುದು, ಸಹಸ್ರಪದಿ ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವುದು ಮಕ್ಕಳಿಗೆ ಗೊತ್ತು. ಕುಮುದ್ವತಿಯ ಜಲಾಶಯ ಅವರ ಕಣ್ಣೆದುರೇ ಇದೆ. ಆದರೆ ಬಿಸಿಲೇ ತಲುಪದ ನೀರಿನಲ್ಲಿ ಬದುಕುವ ಪ್ರಾಣಿ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆ? ಈ ಪ್ರಶ್ನೆಯಿಂದ ಆಲ್ಫ್ರೆಡ್ ವಿಲಿಯಂ ಆಲ್ಕಾಕ್ ಅವರ ಕಡೆಗೆ ಹೊರಳಿದೆ.

ಆಲ್ಕಾಕ್ 1859ರಲ್ಲಿ ಮುಂಬಯಿಯಲ್ಲಿ ಹುಟ್ಟಿದರು. ತಂದೆ ಹಡಗಿನ ಕಪ್ತಾನರು. ಮನೆಗೆ ಹಣದ ನಷ್ಟ ಬಂದಾಗ, 1876ರಲ್ಲಿ, ಇಂಗ್ಲೆಂಡಿನ ಶಾಲೆ ಬಿಡಿಸಿ ಅವರನ್ನು ವಯನಾಡಿನ ಕಾಫಿತೋಟದ ಬಂಧುಗಳಲ್ಲಿಗೆ ಕಳುಹಿಸಿದರು. ಕಾಫಿ ಕೈಕೊಟ್ಟಿತು. ಆಮೇಲೆ ಕಲ್ಕತ್ತೆಯ ಕಚೇರಿಯೊಂದರಲ್ಲಿ ದುಡಿದರು. ಪುರುಲಿಯಾದಲ್ಲಿ ಅಸ್ಸಾಮಿನ ಚಹಾ ತೋಟಗಳಿಗೆ ಕೂಲಿಗಳನ್ನು ಸೇರಿಸುವ ಏಜೆಂಟರಾದರು. ಈ ಸಂಗತಿಯನ್ನು ನಾನು ಮರೆಮಾಚಲಿಲ್ಲ. ಅಂದಿನ ಆಳ್ವಿಕೆಯ ನೆರಳು ವಿಜ್ಞಾನಿಯ ಬದುಕಿನ ಮೇಲೂ ಇತ್ತೆಂದು ಮಕ್ಕಳು ತಿಳಿಯಬೇಕು. ಮುಂದೆ ಡಾರ್ಜಿಲಿಂಗಿನ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ಅಲ್ಲಿಂದ ಅಬರ್ಡೀನ್‌ಗೆ ಹೋಗಿ ವೈದ್ಯಶಾಸ್ತ್ರ ಓದಿ 1885ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1888ರಿಂದ 1892ರವರೆಗೆ ‘ಇನ್‌ವೆಸ್ಟಿಗೇಟರ್’ ಎಂಬ ಸಮೀಕ್ಷಾ ಹಡಗಿನಲ್ಲಿ ಅವರು ವೈದ್ಯರೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದರು. ಅರಬ್ಬೀ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಆಳಕ್ಕೆ ಬಲೆ ಇಳಿಸಿ ಎಳೆದಾಗ ಬಂದ ಎಷ್ಟೋ ಜೀವಿಗಳು ವಿಜ್ಞಾನಕ್ಕೆ ಹೊಸವು. ಅವುಗಳಲ್ಲಿ ಹೆಟೆರೋಕಾರ್ಪಸ್ ಕುಲದ ಒಂದು ಸಿಗಡಿ ಜೀವಂತವಾಗಿ ಮೇಲೆ ಬಂದು ನೀಲಿ ಬೆಳಕಿನ ಮೋಡವನ್ನೇ ಕಾರಿತು. ಬಕೆಟ್ಟಿನ ನೀರಿನಲ್ಲಿದ್ದುದೆಲ್ಲ ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಿತು. ಮೀಸೆಯ ಬುಡದ ಗ್ರಂಥಿಗಳ ರಂಧ್ರದಿಂದ ಅದು ಬರುತ್ತದೆಂದು ಆಲ್ಕಾಕ್ ಬರೆದರು. ಇಂಥ ಸಿಗಡಿಗಳು ಹೊಳೆಯುವ ದ್ರವವನ್ನು ಬಾಯಿಯ ಕಡೆಯಿಂದ ಉಗುಳುತ್ತವೆಂದು ನಂತರದವರು ಕಂಡುಕೊಂಡರು.

ಈ ಕಡೆ ಪಾಠವನ್ನು ನಿಲ್ಲಿಸಿ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿದೆ: ಕಂಡದ್ದು, ಊಹಿಸಿದ್ದು. ಬೆಳಕು, ಬಣ್ಣ, ಬಕೆಟ್ಟು ಮೊದಲ ಭಾಗಕ್ಕೆ ಹೋದವು. ಗ್ರಂಥಿ ಎರಡನೆಯದಕ್ಕೆ. ಶತ್ರುವಿನ ಕಣ್ಣು ಕೋರೈಸಿ ತಪ್ಪಿಸಿಕೊಳ್ಳಲು ಎಂಬುದೂ ಎರಡನೆಯದಕ್ಕೇ, ಏಕೆಂದರೆ ಬಕೆಟ್ಟಿನಲ್ಲಿ ಶತ್ರುವಿರಲಿಲ್ಲ. ಊಹೆ ಗಟ್ಟಿಯಾಗಲು ಆಳದಲ್ಲೇ ನೋಡಬೇಕಿತ್ತು. 1934ರಲ್ಲಿ ವಿಲಿಯಂ ಬೀಬಿ ಬರ್ಮುಡಾದ ಬಳಿ ಉಕ್ಕಿನ ಗೋಳದಲ್ಲಿ ಕುಳಿತು 923 ಮೀಟರ್ ಇಳಿದರು. ಆ ಇಳಿತಗಳಲ್ಲಿ ಕಿಟಕಿಯ ಗಾಜಿಗೆ ತಾಗಿದ ಸಿಗಡಿಗಳು ಬೆಳಕು ಸಿಡಿಸುವುದನ್ನು ಅವರು ಕಂಡರು. 2009ರಲ್ಲಿ ಪೆಸಿಫಿಕ್ಕಿನ ಆಳದ ಸ್ವಿಮಾ ಎಂಬ ಹುಳುಗಳ ವಿವರ ಪ್ರಕಟವಾಯಿತು. ಕೆಣಕಿದರೆ ಅವು ಮೈಮೇಲಿನ ಪುಟ್ಟ ಚೀಲಗಳನ್ನು ಕಳಚಿ ಬಿಡುತ್ತವೆ, ಚೀಲಗಳು ಹಸಿರಾಗಿ ಹೊಳೆಯುತ್ತವೆ. ಹಲ್ಲಿಯ ಬಾಲವನ್ನು ಮಕ್ಕಳೇ ಇದರ ಪಕ್ಕಕ್ಕೆ ತಂದರು.

ಆಲ್ಕಾಕ್ 1893ರಿಂದ 1906ರವರೆಗೆ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಮೇಲ್ವಿಚಾರಕರಾಗಿದ್ದರು. ಹಡಗಿನ ಅನುಭವಗಳ ಪುಸ್ತಕವನ್ನು 1902ರಲ್ಲಿ ಪ್ರಕಟಿಸಿದರು. ಆಮೇಲೆ ಲಂಡನ್ನಿನಲ್ಲಿ ವೈದ್ಯಕೀಯ ಪ್ರಾಣಿಶಾಸ್ತ್ರ ಕಲಿಸಿದರು. 1933ರಲ್ಲಿ ತೀರಿಕೊಂಡರು.

ವಿಜ್ಞಾನಿಯ ಜೀವನವನ್ನು ಪಾಠಕ್ಕೆ ತರುವಾಗ ನಾವು ಸಾಮಾನ್ಯವಾಗಿ ಹುಟ್ಟು, ಸಾಧನೆ, ಪ್ರಶಸ್ತಿ ಎಂದು ಪಟ್ಟಿ ಒಪ್ಪಿಸಿಬಿಡುತ್ತೇವೆ. ಆಲ್ಕಾಕ್ ಅವರ ಗ್ರಂಥಿಯ ಊಹೆ ನಿಲ್ಲಲಿಲ್ಲ, ಆದರೆ ಬಕೆಟ್ಟಿನ ಬೆಳಕಿನ ವರ್ಣನೆ ಇಂದಿಗೂ ನಿಂತಿದೆ. ಈ ವ್ಯತ್ಯಾಸವನ್ನು ತಿಳಿದ ಮಗು ಗದ್ದೆಯ ಏಡಿಯನ್ನೂ ಬೇರೆ ರೀತಿಯಲ್ಲಿ ನೋಡುತ್ತದೆ. ಮೌಲ್ಯಮಾಪನಕ್ಕೆ ನಾನು ಕೊಟ್ಟ ಕೆಲಸ ಇಷ್ಟೇ: ಮನೆಯ ಸುತ್ತ ಒಂದು ಜೀವಿಯನ್ನು ನೋಯಿಸದೆ ಗಮನಿಸಿ, ಕಂಡದ್ದನ್ನು ಒಂದು ಪುಟದಲ್ಲೂ ಊಹಿಸಿದ್ದನ್ನು ಇನ್ನೊಂದು ಪುಟದಲ್ಲೂ ಬರೆದು ತರುವುದು.