ಚಾಟಿ ಏಟಿಗೂ ಬಗ್ಗದ ಜಾನ್ ಲಿಲ್ಬರ್ನ್

ಲಂಡನ್ನಿನಲ್ಲಿ ನನ್ನ ಆಫೀಸಿನ ದಾರಿಯಲ್ಲೇ ಗಿಲ್ಡ್‌ಹಾಲ್ ಇದೆ. ನಗರಾಡಳಿತದ ಹಳೆಯ ಭವನವದು. 1649ರಲ್ಲಿ ಇಲ್ಲೇ ಜಾನ್ ಲಿಲ್ಬರ್ನ್ ಎಂಬಾತ ಸರ್ಕಾರದ ಎದುರು ನಿಂತು ಪ್ರಾಣ ಉಳಿಸಿಕೊಂಡ.

1614ರ ಸುಮಾರಿಗೆ ಹುಟ್ಟಿದ ಲಿಲ್ಬರ್ನ್, ಲಂಡನ್ನಿನ ಬಟ್ಟೆ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ. ಬಿಷಪ್‌ಗಳನ್ನು ಟೀಕಿಸುವ ಪುಸ್ತಕಗಳನ್ನು ಹಾಲೆಂಡಿನಿಂದ ತರಿಸಿದನೆಂದು 1637ರ ಕೊನೆಗೆ ಆತನನ್ನು ಬಂಧಿಸಿದರು. ವಿಚಾರಣೆ ನಡೆದದ್ದು ಸ್ಟಾರ್ ಚೇಂಬರ್ ಎಂಬ ರಾಜನ ನ್ಯಾಯಾಲಯದಲ್ಲಿ. ಅಲ್ಲಿ ಜ್ಯೂರಿ ಇರಲಿಲ್ಲ. ಪ್ರಶ್ನೆ ಏನೆಂದು ತಿಳಿಯುವ ಮೊದಲೇ, ಕೇಳಿದ್ದಕ್ಕೆಲ್ಲ ನಿಜ ಹೇಳುವೆನೆಂದು ದೇವರ ಮೇಲೆ ಪ್ರಮಾಣ ಮಾಡಬೇಕಿತ್ತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಲಿಲ್ಬರ್ನ್ ಒಪ್ಪಲಿಲ್ಲ. 500 ಪೌಂಡ್ ದಂಡ ಬಿತ್ತು. 1638ರ ಏಪ್ರಿಲ್‌ನಲ್ಲಿ ಗಾಡಿಯ ಹಿಂದೆ ಕಟ್ಟಿ, ಫ್ಲೀಟ್ ಜೈಲಿನಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೂ ಬೆನ್ನಿಗೆ ಚಾಟಿ ಬೀಸಿದರು. ಅಲ್ಲಿ ಕಟಕಟೆಗೆ ಕಟ್ಟಿದಾಗಲೂ ಆತ ಜನರಿಗೆ ಭಾಷಣ ಮಾಡಿದ. ಬಾಯಿಗೆ ಬಟ್ಟೆ ತುರುಕಿದರು.

1640ರಲ್ಲಿ ಪಾರ್ಲಿಮೆಂಟಿನಲ್ಲಿ ಆತನ ಪರ ದನಿಯೆತ್ತಿದವನು ಆಲಿವರ್ ಕ್ರಾಮ್‌ವೆಲ್. ಬಿಡುಗಡೆಯಾಯಿತು. ಮರುವರ್ಷ ಸ್ಟಾರ್ ಚೇಂಬರೇ ರದ್ದಾಯಿತು.

ಅಂತರ್ಯುದ್ಧದಲ್ಲಿ ಲಿಲ್ಬರ್ನ್ ಪಾರ್ಲಿಮೆಂಟಿನ ಪರ ಹೋರಾಡಿದ. ಆದರೆ ರಾಜನ ತಲೆ ತೆಗೆದು ಗದ್ದುಗೆ ಹಿಡಿದ ಗೆಳೆಯರೂ ಹಳೆಯ ಚಾಳಿಯನ್ನೇ ಹಿಡಿದಾಗ, ಅವರ ವಿರುದ್ಧವೂ ಬರೆದ. ಗಿಲ್ಡ್‌ಹಾಲ್‌ನಲ್ಲಿ ರಾಜದ್ರೋಹದ ಮೊಕದ್ದಮೆ ನಡೆಯಿತು. ಸಾಬೀತಾದರೆ ಮರಣದಂಡನೆ. ಜ್ಯೂರಿಯ 12 ಮಂದಿ ನಿರಪರಾಧಿ ಎಂದರು. ನೆರೆದವರ ಜಯಘೋಷ ಅರ್ಧ ಗಂಟೆ ನಿಲ್ಲಲಿಲ್ಲವಂತೆ.

ಸರ್ಕಾರ ಪಾಠ ಕಲಿಯಿತು. 1652ರಲ್ಲಿ ಜ್ಯೂರಿಯ ಗೊಡವೆಯೇ ಇಲ್ಲದೆ ಪಾರ್ಲಿಮೆಂಟೇ 7,000 ಪೌಂಡ್ ದಂಡ ಹಾಕಿ ಗಡೀಪಾರು ಮಾಡಿತು. ಮರುವರ್ಷ ಲಿಲ್ಬರ್ನ್ ಮರಳಿ ಬಂದ. ಬಂದರೆ ಸಾವೇ ಶಿಕ್ಷೆ ಎಂದು ಗೊತ್ತಿತ್ತು. ಓಲ್ಡ್ ಬೈಲಿಯಲ್ಲಿ ಮತ್ತೆ ಜ್ಯೂರಿ ಕೈಬಿಡಲಿಲ್ಲ. ಆದರೂ ಕ್ರಾಮ್‌ವೆಲ್ ಆಡಳಿತ ಬಿಡಲಿಲ್ಲ. ಲಂಡನ್ ಟವರ್, ಜೆರ್ಸಿ ದ್ವೀಪದ ಕೋಟೆ, ಕೊನೆಗೆ ಡೋವರ್ ಕೋಟೆ. ಒಮ್ಮೆ ಬಿಡಿಸಿದವನೇ ಈಗ ಕೂಡಿಹಾಕಿದ್ದ. ಹೆಂಡತಿ ಎಲಿಜಬೆತ್ ಅರ್ಜಿ ಹಿಡಿದು ಅಲೆದಳು. 1657ರ ಆಗಸ್ಟ್‌ನಲ್ಲಿ, ಪೆರೋಲ್ ಮೇಲೆ ಮನೆಯವರ ಬಳಿ ಬಂದಿದ್ದಾಗಲೇ ಲಿಲ್ಬರ್ನ್ ತೀರಿಕೊಂಡ. ಆಗ ವಯಸ್ಸು ನಲವತ್ತರ ಆಸುಪಾಸು.

ಆತನ ಜೀವನದ ಲೆಕ್ಕ ತೆಗೆದರೆ ನಷ್ಟವೇ ಹೆಚ್ಚು. ಗೆದ್ದ ತೀರ್ಪು ಕೂಡ ಜೈಲಿನ ಬಾಗಿಲು ತೆರೆಸಲಿಲ್ಲ. ಆದರೆ ಆತ ಬಿಟ್ಟುಕೊಡದ ಹಕ್ಕು 1791ರಲ್ಲಿ ಅಮೆರಿಕದ ಸಂವಿಧಾನ ಸೇರಿತು. 1966ರ ಮಿರಾಂಡಾ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಲಿಲ್ಬರ್ನ್‌ನನ್ನು ನೆನೆಯಿತು. ನಮ್ಮ ಸಂವಿಧಾನದ 20(3)ನೇ ವಿಧಿಯೂ ಅದನ್ನೇ ಹೇಳುತ್ತದೆ: ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸುವಂತಿಲ್ಲ. ಹಕ್ಕು ಬರೆದಿಟ್ಟ ಮಾತ್ರಕ್ಕೆ ನಿಲ್ಲುವುದಿಲ್ಲ. ಕೇಳುವವನೊಬ್ಬ ಬೇಕು, ಅವನ ಮಾತಿಗೆ ಕಿವಿಗೊಡುವ 12 ಮಂದಿಯೂ ಬೇಕು.