ನೋಟಿಗೆ ಮುಖ ಕೊಟ್ಟ ಮುಖಾ

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಈ ಕಲಾವಿದರ ಹೆಸರು ಆಲ್ಫೋನ್ಸ್ ಮುಖಾ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಹಲವರು ಮುಚಾ ಎಂದು ಓದುತ್ತಾರೆ. ಆದರೆ ಅವರ ತಾಯ್ನುಡಿಯಾದ ಚೆಕ್ ಭಾಷೆಯಲ್ಲಿ ಅದು ಹೆಚ್ಚುಕಡಿಮೆ ನಮ್ಮ 'ಮುಖ'ದ ಹಾಗೆಯೇ ಕೇಳಿಸುತ್ತದೆ. ಜೀವನವಿಡೀ ಹೆಣ್ಣುಮಕ್ಕಳ ಮುಖ ಬರೆದೇ ಹೆಸರಾದವರಿಗೆ ಕನ್ನಡದ ಕಿವಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದು ಸಿಗಲಾರದು.

ಅವರ ಹೆಸರು ಗೊತ್ತಿಲ್ಲದಿದ್ದರೂ ಅವರ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಸುರುಳಿಸುರುಳಿಯಾಗಿ ಹರಡಿದ ಕೂದಲು, ತಲೆಯ ಹಿಂದೆ ಪ್ರಭಾವಳಿಯಂಥ ವೃತ್ತ, ಸುತ್ತ ಹೂಬಳ್ಳಿಗಳ ಚೌಕಟ್ಟು. ಕಾಫಿ ಮಗ್ಗು, ಕ್ಯಾಲೆಂಡರು, ಮೊಬೈಲ್ ಕವರುಗಳ ಮೇಲೆಲ್ಲ ಇಂದಿಗೂ ಆ ಹೆಂಗಸರು ಕುಳಿತಿದ್ದಾರೆ. ನಾನು ಇಲ್ಲಿ ಬರೆಯಹೊರಟಿರುವುದು ಅವುಗಳಿಗಿಂತ ಚಿಕ್ಕದೊಂದು ವಸ್ತುವಿನ ಮೇಲೆ ಅವರು ಬರೆದದ್ದರ ಬಗ್ಗೆ. ಹೊಸದಾಗಿ ಹುಟ್ಟಿದ ಒಂದು ದೇಶದ ಕಾಗದದ ಹಣದ ಬಗ್ಗೆ.

ಮುಖಾ ಹುಟ್ಟಿದ್ದು 1860ರ ಜುಲೈ 24ರಂದು, ಮೊರಾವಿಯಾ ಪ್ರಾಂತದ ಇವಾಂಚಿಟ್ಸೆ ಎಂಬ ಸಣ್ಣ ಊರಿನಲ್ಲಿ. ಆಗ ಅದು ವಿಯೆನ್ನಾದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ತಂದೆ ನ್ಯಾಯಾಲಯದಲ್ಲಿ ಸಣ್ಣ ನೌಕರ. ಹುಡುಗನ ಕಂಠ ಚೆನ್ನಾಗಿತ್ತು, ಬ್ರನೋ ನಗರದ ಚರ್ಚಿನಲ್ಲಿ ಹಾಡಿಕೊಂಡು ಓದಿದ. ಮುಂದೆ ಪ್ರಾಗ್‌ನ ಕಲಾಶಾಲೆಗೆ ಅರ್ಜಿ ಹಾಕಿದರೆ ಅವರು ಸೇರಿಸಿಕೊಳ್ಳಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ವಿಯೆನ್ನಾಕ್ಕೆ ಹೋಗಿ, ನಾಟಕಗಳಿಗೆ ಪರದೆ ಬರೆಯುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. 1881ರ ಡಿಸೆಂಬರಿನಲ್ಲಿ ಅಲ್ಲಿನ ರಿಂಗ್ ಥಿಯೇಟರಿಗೆ ಬೆಂಕಿ ಬಿದ್ದು ನೂರಾರು ಜನ ಸತ್ತರು. ಕಂಪನಿಗೆ ದೊಡ್ಡ ಗಿರಾಕಿಯೇ ಆ ರಂಗಮಂದಿರ. ಮುಖಾ ಅವರ ಕೆಲಸವೂ ಹೋಯಿತು. ಕೈಲಿದ್ದ ಕಾಸಿಗೆ ರೈಲು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೋಗಿ ಮಿಕುಲೊವ್ ಎಂಬ ಊರಿನಲ್ಲಿ ಇಳಿದರು, ಊರವರ ಭಾವಚಿತ್ರ ಬರೆದು ಹೊಟ್ಟೆ ಹೊರೆದರು. ಆ ಕಡೆಯ ಜಮೀನ್ದಾರ ಕೌಂಟ್ ಖುಯೆನ್ ತನ್ನ ಬಂಗಲೆಯ ಗೋಡೆಗಳಿಗೆ ಚಿತ್ರ ಬರೆಸಿ, ಮೆಚ್ಚಿ, ಮ್ಯೂನಿಕ್‌ಗೂ ಪ್ಯಾರಿಸ್‌ಗೂ ಓದಲು ಕಳಿಸಿದ. 1889ರಲ್ಲಿ ಆ ಹಣವೂ ನಿಂತಿತು. ಪುಸ್ತಕ ಪತ್ರಿಕೆಗಳಿಗೆ ಚಿತ್ರ ಬರೆಯುತ್ತ, ಬಡ ಕಲಾವಿದರಿಗೆ ಸಾಲಕ್ಕೆ ಊಟ ಹಾಕುತ್ತಿದ್ದ ಮದಾಂ ಶಾರ್ಲೊತ್ ಎಂಬಾಕೆಯ ಖಾನಾವಳಿಯಲ್ಲಿ ಉಣ್ಣುತ್ತ ದಿನ ತಳ್ಳಿದರು.

1894ರ ಡಿಸೆಂಬರ್ ಕೊನೆಯ ವಾರ. ಕ್ರಿಸ್ಮಸ್ ರಜೆ, ಪ್ಯಾರಿಸ್ಸಿನ ಮುದ್ರಣಾಲಯದಲ್ಲಿ ನುರಿತ ಚಿತ್ರಕಾರರು ಯಾರೂ ಇಲ್ಲ. ಪ್ರಖ್ಯಾತ ನಟಿ ಸಾರಾ ಬೆರ್ನಾರ್ ಅವರಿಗೆ 'ಜಿಸ್ಮೊಂಡಾ' ನಾಟಕಕ್ಕೆ ಹೊಸ ವರ್ಷದ ಹೊತ್ತಿಗೆ ಪೋಸ್ಟರ್ ಬೇಕು. ಎದುರಿಗೆ ಇದ್ದವರು ಮುಖಾ. ಎರಡು ಮೀಟರಿಗೂ ಮಿಕ್ಕಿ ಎತ್ತರದ, ಕಿರಿದಾದ, ದೇವರ ಪಟದಂಥ ಆ ಪೋಸ್ಟರ್ 1895ರ ಜನವರಿ 1ರಂದು ಪ್ಯಾರಿಸ್ಸಿನ ಗೋಡೆಗಳಲ್ಲಿ ಕಾಣಿಸಿತು. ಜನ ರಾತ್ರೋರಾತ್ರಿ ಅದನ್ನು ಕಿತ್ತು ಮನೆಗೊಯ್ದರು. ಬೆರ್ನಾರ್ ಆರು ವರ್ಷಗಳ ಕರಾರು ಬರೆಸಿಕೊಂಡರು. ಬಿಸ್ಕತ್ತು, ಷಾಂಪೇನ್, ಸಿಗರೇಟಿನ ಕಾಗದ, ಎಲ್ಲಕ್ಕೂ ಮುಖಾ ಅವರ ಹೆಂಗಸರೇ ಬೇಕಾದರು.

ಇದೆಲ್ಲ ಸಾಧ್ಯವಾದದ್ದು ಕಲ್ಲಚ್ಚಿನಿಂದ. ಮುಂಬಯಿಯ ಗೆಳತಿಯರಿಗೆ ಇಲ್ಲಿ ಒಂದು ಮಾತು: ಅದೇ 1894ರಲ್ಲಿ ನಿಮ್ಮ ಘಾಟ್ಕೋಪರಿನಲ್ಲಿ ರಾಜಾ ರವಿವರ್ಮರ ಮುದ್ರಣಾಲಯ ಶುರುವಾಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ನಮ್ಮ ಮುತ್ತಜ್ಜಿಯರ ದೇವರ ಮನೆಗೆ ಬಂದರು. ಅರಮನೆಯ ಕಲೆ ಅಡುಗೆಮನೆಯವರೆಗೆ ನಡೆದು ಬಂದ ಕಾಲ ಅದು, ಅಲ್ಲಿಯೂ ಇಲ್ಲಿಯೂ.

ಪ್ಯಾರಿಸ್ಸಿನಲ್ಲಿ ಹಣ, ಹೆಸರು ಎರಡೂ ಬಂದವು. ಮನಸ್ಸು ಮಾತ್ರ ಊರಿನ ಕಡೆಗೇ. ಹೊರನಾಡಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಬೋಸ್ನಿಯಾದ ಮಂಟಪಕ್ಕೆ ಚಿತ್ರ ಬರೆಯುವ ಕೆಲಸ ಬಂತು. ಅದಕ್ಕಾಗಿ ಬಾಲ್ಕನ್ ನಾಡುಗಳಲ್ಲಿ ಸುತ್ತಾಡಿದಾಗ ಅವರಿಗೆ ಕಂಡದ್ದು, ತಮ್ಮಂತೆಯೇ ಪರರ ಆಳ್ವಿಕೆಯಲ್ಲಿದ್ದ ಸ್ಲಾವ್ ಜನ. ಆಳುವ ಸಾಮ್ರಾಜ್ಯದ ಪ್ರತಿಷ್ಠೆಗಾಗಿ ತಾವು ಬರೆಯುತ್ತಿದ್ದೇವೆ ಎಂಬುದು ಅವರಿಗೆ ಚುಚ್ಚಿತು. ಇನ್ನು ಮುಂದಿನ ಬದುಕು ತನ್ನ ಜನಕ್ಕೆ ಎಂಬ ನಿರ್ಧಾರ ಬೇರೂರಿದ್ದು ಆಗ.

ಅದಕ್ಕೆ ಹಣ ಬೇಕಿತ್ತು. 1904ರಿಂದ ಅಮೆರಿಕಕ್ಕೆ ಓಡಾಟ ಆರಂಭವಾಯಿತು. 1906ರಲ್ಲಿ ತಮ್ಮ ಶಿಷ್ಯೆಯಾಗಿದ್ದ ಮಾರುಷ್ಕಾಳನ್ನು ಮದುವೆಯಾದರು, 1909ರಲ್ಲಿ ಮಗಳು ಯಾರೊಸ್ಲಾವಾ ನ್ಯೂಯಾರ್ಕಿನಲ್ಲಿ ಹುಟ್ಟಿದಳು. ಷಿಕಾಗೋದ ಉದ್ಯಮಿ ಚಾರ್ಲ್ಸ್ ಕ್ರೇನ್ ಅವರಿಗೆ ಸ್ಲಾವ್ ಸಂಸ್ಕೃತಿಯೆಂದರೆ ಪ್ರಾಣ. ಅವರ ಮಗಳು ಜೋಸೆಫೀನ್‌ಳ ಭಾವಚಿತ್ರ ಬರೆಯುವ ಕೆಲಸ ಮುಖಾ ಅವರಿಗೆ ಬಂತು. 1908ರಲ್ಲಿ ಅವರು ಆಕೆಯನ್ನು ಸುಮ್ಮನೆ ಶ್ರೀಮಂತರ ಮಗಳಾಗಿ ಬರೆಯಲಿಲ್ಲ, ಸ್ಲಾವಿಯಾ ಎಂದು ಬರೆದರು. ನಮಗೆ ಭುವನೇಶ್ವರಿ ಹೇಗೋ ಅವರಿಗೆ ಸ್ಲಾವಿಯಾ ಹಾಗೆ, ಒಂದು ಜನಾಂಗಕ್ಕೇ ತಾಯಿ. ಮರುವರ್ಷ ಕ್ರೇನ್ ಮುಖಾ ಅವರ ಕನಸಿನ 'ಸ್ಲಾವ್ ಮಹಾಕಾವ್ಯ' ಚಿತ್ರಮಾಲೆಗೆ ಹಣ ಕೊಡಲು ಒಪ್ಪಿದರು.

1910ರಲ್ಲಿ ಊರಿಗೆ ಮರಳಿದರೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೇ. ಪ್ರಾಗ್‌ನ ಪುರಭವನದ ಅಲಂಕಾರ ಇವರಿಗೆ ಎಂದ ಕೂಡಲೇ ಅಲ್ಲಿನ ಕಲಾವಿದರು ಎದ್ದು ಕೂಗಾಡಿದರು. ಎಲ್ಲೋ ಇದ್ದು ಹೆಸರು ಮಾಡಿ ಬಂದವರಿಗೆ ಮಣೆಯೇಕೆ ಎಂಬ ಸಿಟ್ಟು. ಕೊನೆಗೆ ರಾಜಿಯಾಗಿ ಮೇಯರರ ಸಭಾಂಗಣವೊಂದನ್ನು ಇವರಿಗೆ ಬಿಟ್ಟರು.

ಇಲ್ಲಿ ಆ ಕಾಲದ ನೋಟನ್ನು ನೆನೆಯಬೇಕು. ನಮ್ಮ ರೂಪಾಯಿ ನೋಟಿನ ಭಾಷಾಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲು, ಅಲ್ಲವೇ? ದೆಹಲಿಯ ತರಕಾರಿ ಅಂಗಡಿಯಲ್ಲೂ ಚೆನ್ನೈನ ಬಸ್ಸಿನಲ್ಲೂ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ನೋಟಿನಲ್ಲಿಯೂ ಇಂಥ ಪಟ್ಟಿಯಿತ್ತು. ಆದರೆ ಒಂದು ಬದಿ ಜರ್ಮನ್ನಿನ ಪಾಲು, ಇನ್ನೊಂದು ಬದಿ ಪೂರ್ತಿ ಹಂಗೇರಿಯನ್. ಚೆಕ್, ಪೋಲಿಷ್, ಇಟಾಲಿಯನ್, ಸ್ಲೊವೇನಿಯನ್ ಮುಂತಾದವಕ್ಕೆಲ್ಲ ಜರ್ಮನ್ ಬದಿಯಲ್ಲಿ ಸಣ್ಣ ಅಕ್ಷರದ ಒಂದೊಂದು ಸಾಲು. ಚೆಕ್ ಹೆಂಗಸು ಸಂತೆಗೆ ಹೋದಾಗ ಕೈಯಲ್ಲಿದ್ದ ಹಣ ಅವಳ ಭಾಷೆಯನ್ನು ಪಿಸುಗುಟ್ಟುತ್ತಿತ್ತು, ಅಷ್ಟೇ.

1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯಾ ಸ್ವತಂತ್ರವಾಯಿತು. ಹೊಸ ಸರ್ಕಾರಕ್ಕೆ ಮೊದಲು ಬೇಕಾದದ್ದು ಅಂಚೆಚೀಟಿ. ಮುಖಾ ಬರೆದುಕೊಟ್ಟ, ಪ್ರಾಗ್ ಕೋಟೆಯ ಚಿತ್ರವಿದ್ದ ಚೀಟಿ ಡಿಸೆಂಬರ್ 18ಕ್ಕೇ ಬಂತು. ಕೋಟೆಯ ಹಿಂದೆ ಸೂರ್ಯ ಹುಟ್ಟುತ್ತಿದ್ದ. ಆ ದಿಕ್ಕಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ ಎಂದು ಆಡಿಕೊಂಡವರಿದ್ದರು, ಮುಂದಿನ ಚೀಟಿಗಳಲ್ಲಿ ಸೂರ್ಯ ಮಾಯವಾದ! ಹೊಸ ದೇಶದ ಬೆಳಗು ಬರೆದವರಿಗೆ ದಿಕ್ಸೂಚಿ ತೋರಿಸಿದರೆ ಏನು ಮಾಡುವುದು?

ಹಣದ ವಿಷಯ ಇನ್ನೂ ಬಿಗಿ. ಹಳೆಯ ಸಾಮ್ರಾಜ್ಯದ ನೋಟುಗಳ ಬೆಲೆ ದಿನೇದಿನೇ ಕುಸಿಯುತ್ತಿತ್ತು. ಹಣಕಾಸು ಮಂತ್ರಿ ಅಲೊಯಿಸ್ ರಶೀನ್ 1919ರ ಫೆಬ್ರವರಿ ಕೊನೆಯಲ್ಲಿ ಗಡಿ ಮುಚ್ಚಿಸಿ, ದೇಶದೊಳಗಿದ್ದ ಹಳೆಯ ನೋಟಿಗೆಲ್ಲ ಮುದ್ರೆಚೀಟಿ ಅಂಟಿಸಿದರು. ಚೀಟಿಯಿದ್ದರೆ ನಮ್ಮ ಹಣ, ಇಲ್ಲದಿದ್ದರೆ ಹೊರಗಿನದು. ಜನ ತಂದ ಹಣದ ಅರ್ಧವನ್ನು ಸಾಲವೆಂದು ಸರ್ಕಾರವೇ ಹಿಡಿದಿಟ್ಟುಕೊಂಡಿತು. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟುಕೊಂಡಿದ್ದ ಅಲ್ಲಿನ ಅಜ್ಜಿಯರ ಪಾಡು ಏನಾಗಿರಬೇಕು ಎಂದು ನಮಗೆ ಊಹಿಸಲು ಕಷ್ಟವಿಲ್ಲ. ಇಂಥ ಹೊತ್ತಿನಲ್ಲಿ ಜನ ನಂಬಬೇಕಾದದ್ದು ಬರೀ ಒಂದು ಕಾಗದವನ್ನು.

ಆ ಕಾಗದಕ್ಕೆ ರೂಪ ಕೊಡಲು ಮುಖಾ ಕುಳಿತರು. ಅರವತ್ತಕ್ಕೆ ಹತ್ತಿರದ ವಯಸ್ಸು, ಜೊತೆಗೆ ಮಹಾಕಾವ್ಯದ ಆಳೆತ್ತರಕ್ಕೂ ಮೀರಿದ ಕ್ಯಾನ್ವಾಸುಗಳು ಕಾಯುತ್ತಿದ್ದವು. 1919ರ ಏಪ್ರಿಲ್ 15ರ ದಿನಾಂಕ ಹೊತ್ತ ಮೊದಲ ಸಾಲಿನ ನೋಟುಗಳಲ್ಲಿ ನೂರು ಮತ್ತು ಐನೂರು ಕೊರುನಗಳವು ಅವರವೇ. ಪ್ಯಾರಿಸ್ಸಿನ ಜಾಹೀರಾತಿನಲ್ಲಿ ಹೆಂಗಸಿನ ಸುತ್ತ ಬಳ್ಳಿ ಹೆಣೆದ ಕೈ ಇಲ್ಲಿ ಅಂಕಿಗಳ ಸುತ್ತ ಹೆಣೆಯಿತು. ಅಂಚಿನ ಒಂದು ಬೆರಳಗಲವನ್ನೂ ಖಾಲಿ ಬಿಡದ ಅವರ ಅಭ್ಯಾಸ ಪೋಸ್ಟರಿನಲ್ಲಿ ಕೆಲವರಿಗೆ ಅತಿಯೆನಿಸಿದ್ದುಂಟು. ನೋಟಿನಲ್ಲಿ ಅದೇ ಗುಣವಾಯಿತು, ಏಕೆಂದರೆ ತುಂಬಿದ ಅಂಚನ್ನು ನಕಲು ಮಾಡುವುದು ಕಷ್ಟ.

ಆದರೂ ಕಳ್ಳರು ಬಿಡಲಿಲ್ಲ. ಮೊದಲ ನೋಟುಗಳನ್ನು ಅವಸರದಲ್ಲಿ ಅಚ್ಚು ಹಾಕಿದ್ದರು. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದ ಬಳಿ ಐನೂರರ ಖೋಟಾ ನೋಟು ಮುದ್ರಿಸುತ್ತಿದ್ದ ಹಂಗೇರಿಯನ್ನರ ಗುಂಪು ಬಯಲಾಯಿತು. ಗೆರೆ ಎಷ್ಟೇ ಸೊಗಸಾಗಿರಲಿ, ಅಚ್ಚು ಸಡಿಲವಾದರೆ ನೋಟು ಸೋಲುತ್ತದೆ.

ಗೆರೆಯೂ ಅಚ್ಚೂ ಕೂಡಿಬಂದದ್ದು 1920ರ ನೂರು ಕೊರುನದ ನೋಟಿನಲ್ಲಿ. ಇದನ್ನು ಮುದ್ರಿಸಿದ್ದು ನ್ಯೂಯಾರ್ಕಿನ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ. ಲೋಹದ ತಗಡಿನಲ್ಲಿ ಚೂಪಾದ ಉಳಿಯಿಂದ ಕೂದಲೆಳೆಯ ಗೆರೆಗಳನ್ನು ಕೊರೆದು, ಅವುಗಳಲ್ಲಿ ಮಸಿ ತುಂಬಿ, ಭಾರೀ ಒತ್ತಡದಿಂದ ಕಾಗದಕ್ಕೆ ಇಳಿಸುವ ವಿಧಾನ ಅವರದು. ಮಸಿ ಕಾಗದದ ಮೇಲೆ ತುಸು ಉಬ್ಬಿ ನಿಲ್ಲುತ್ತದೆ. ನಮ್ಮ ಐನೂರರ ನೋಟಿನ ಗಾಂಧೀಜಿಯವರ ಮೇಲೆ ಬೆರಳಾಡಿಸಿದರೆ ಸಿಗುವ ಉಬ್ಬು ಇಂಥದೇ. ನೋಟಿಗೆ ಮುಖವೇ ಏಕೆ ಬೇಕು ಎಂಬುದಕ್ಕೂ ಕಾರಣವಿದೆ. ಎಲೆಯ ಗೆರೆ ಒಂದಿಷ್ಟು ಆಚೀಚೆಯಾದರೆ ನಮಗೆ ತಿಳಿಯುವುದಿಲ್ಲ, ಪರಿಚಿತ ಮುಖದ ತುಟಿಯಂಚು ಒಂದೆಳೆ ಬದಲಾದರೂ ಏನೋ ಸರಿಯಿಲ್ಲ ಅನಿಸಿಬಿಡುತ್ತದೆ. ಮಕ್ಕಳ ಮುಖ ನೋಡಿಯೇ ಜ್ವರ ಹೇಳುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು.

ಆ ನೋಟಿಗೆ ಮುಖಾ ಆರಿಸಿಕೊಂಡದ್ದು ಹನ್ನೆರಡು ವರ್ಷ ಹಿಂದೆ ತಾವೇ ಬರೆದಿದ್ದ ಸ್ಲಾವಿಯಾಳನ್ನು. ಎಂದರೆ ಜೋಸೆಫೀನ್ ಕ್ರೇನಳನ್ನು! ರಾಣಿಯಲ್ಲ, ಹೋರಾಟಗಾರ್ತಿಯಲ್ಲ, ಚೆಕ್ ಹೆಂಗಸೂ ಅಲ್ಲ. ಷಿಕಾಗೋದ ಹುಡುಗಿಯೊಬ್ಬಳು ಸ್ವತಂತ್ರ ದೇಶದ ತಾಯಿಯಾಗಿ ಹಳ್ಳಿಹಳ್ಳಿಯ ಹೆಂಗಸರ ಕೈಚೀಲ ಸೇರಿದಳು. ಇದನ್ನು ಋಣಸಂದಾಯ ಎಂದು ಕೆಲವರು ನೋಡಬಹುದು. ನನಗೆ ಹಾಗನಿಸುವುದಿಲ್ಲ. ಕಲಾವಿದರಿಗೆ ಒಮ್ಮೆ ದೇವಿಯ ಮುಖ ಒಲಿದರೆ ಅದು ಯಾರ ಮನೆಯ ಮಗಳದು ಎಂಬುದು ಆಮೇಲೆ ಉಳಿಯುವುದಿಲ್ಲ. ಅಂದಹಾಗೆ, ಜೋಸೆಫೀನಳ ಸಹೋದರಿ ಫ್ರಾನ್ಸಸ್ 1924ರಲ್ಲಿ ರಾಷ್ಟ್ರಾಧ್ಯಕ್ಷ ಮಸಾರಿಕ್ ಅವರ ಮಗ ಯಾನ್‌ನ ಕೈ ಹಿಡಿದಳು. ಆ ಸಂಬಂಧ ಹೆಚ್ಚು ವರ್ಷ ಬಾಳಲಿಲ್ಲ.

1928ರಲ್ಲಿ ಇಪ್ಪತ್ತು ಬೃಹತ್ ಚಿತ್ರಗಳ ಮಹಾಕಾವ್ಯವನ್ನು ಮುಖಾ ಪ್ರಾಗ್ ನಗರಕ್ಕೆ ಕೊಟ್ಟರು. ಹೊಸ ತಲೆಮಾರಿನ ವಿಮರ್ಶಕರು ಹಳೆಯ ಕಾಲದ್ದೆಂದು ಮೂಗು ಮುರಿದರು. ಹದಿನೆಂಟು ವರ್ಷಗಳ ದುಡಿಮೆಯನ್ನು ನೋಡಲು ಒಂದು ಕಾಯಂ ಕಟ್ಟಡವೂ ಮೇಲೇಳಲಿಲ್ಲ. ಆದರೆ ಅವರನ್ನು ಹಳಬರೆಂದವರ ಜೇಬಿನಲ್ಲಿಯೂ ಅವರ ಚಿತ್ರವಿತ್ತು. 1929ರ ದಿನಾಂಕದ ಐವತ್ತು ಕೊರುನದ ನೋಟನ್ನೂ ಅವರೇ ಬರೆದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1931ರ ಹೊಸ ನೂರರ ನೋಟನ್ನು ಬರೆದವರು ಮಾಕ್ಸ್ ಶ್ವಾಬಿನ್‌ಸ್ಕಿ. ಅದರಲ್ಲಿ ಮಸಾರಿಕ್ ಅವರ ಭಾವಚಿತ್ರ ಬಂತು.

1939ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಗೆಸ್ಟಾಪೊ ವಿಚಾರಣೆಗೆ ಎಳೆದೊಯ್ದವರಲ್ಲಿ ಎಪ್ಪತ್ತೆಂಟರ ಮುಖಾ ಕೂಡ ಒಬ್ಬರು. ದೇಶಕ್ಕೆ ಚೀಟಿ, ನೋಟು, ಕಥೆ ಬರೆದುಕೊಟ್ಟ ಮುದುಕ ಅವರಿಗೆ ಅಪಾಯಕಾರಿಯಾಗಿ ಕಂಡಿರಬೇಕು. ಬಿಟ್ಟು ಕಳಿಸಿದರೂ ದೇಹ ಚೇತರಿಸಿಕೊಳ್ಳಲಿಲ್ಲ. ಜುಲೈ 14ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಸಭೆ ಸೇರಬಾರದೆಂಬ ಆಜ್ಞೆಯಿದ್ದರೂ ವಿಶೆಹ್ರಾದ್ ಸ್ಮಶಾನಕ್ಕೆ ಜನ ಹರಿದುಬಂದರು.

ಮಹಾಕಾವ್ಯದ ಕ್ಯಾನ್ವಾಸುಗಳನ್ನು ಯುದ್ಧಕಾಲದಲ್ಲಿ ಸುರುಳಿ ಸುತ್ತಿ ಬಚ್ಚಿಟ್ಟರು. 1963ರಲ್ಲಿ ಅವು ಅವರ ಹುಟ್ಟೂರಿನ ಹತ್ತಿರದ ಮೊರಾವ್‌ಸ್ಕಿ ಕ್ರುಮ್ಲೊವ್‌ನ ಹಳೆಯ ಅರಮನೆಯಲ್ಲಿ ಮತ್ತೆ ಬಿಚ್ಚಿಕೊಂಡವು. ನೂರರ ಸ್ಲಾವಿಯಾ ಮಾತ್ರ ಈಗ ಸಂಗ್ರಾಹಕರ ಆಲ್ಬಮ್ಮುಗಳಲ್ಲಿದ್ದಾಳೆ, ಹೆಚ್ಚಿನವಳು ಮಡಿಕೆಯ ಗೆರೆಗಳೊಂದಿಗೆ.