ಮನಶ್ಶಾಸ್ತ್ರದ ಮೇಷ್ಟ್ರು ಮತ್ತು 30 ವಾಟಿನ ಆಕಾಶವಾಣಿ

ಗಣೇಶನ ಹಬ್ಬವೋ ರಾಜ್ಯೋತ್ಸವವೋ ಹತ್ತಿರ ಬಂತೆಂದರೆ ಚಂದಾಪುರದ ಸುತ್ತಮುತ್ತ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರಿಗೆ ಪುರುಸೊತ್ತಿರುವುದಿಲ್ಲ. ಆಗೆಲ್ಲ ಮಾತು ವಾಟಿನದ್ದೇ. ಅವರದ್ದು ಸಾವಿರವಾದರೆ ನಮ್ಮದು ಎರಡು ಸಾವಿರ ಇರಬೇಕು, ಆಗ ಸದ್ದು ಎರಡರಷ್ಟು ಬರುತ್ತದೆ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಏಕೆ ತಪ್ಪು ಎಂದು ತಿಳಿಯಲು ನಾವು 1935ರ ಮೈಸೂರಿಗೆ, ಒಬ್ಬ ಪ್ರಾಧ್ಯಾಪಕರ ಮನೆಗೆ ಹೋಗಿ ಬರೋಣ.

ಅವರು ಎಂ. ವಿ. ಗೋಪಾಲಸ್ವಾಮಿ. ಅವರು ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರದ ಮೇಷ್ಟ್ರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದವರು. ಬುದ್ಧಿಶಕ್ತಿಯನ್ನು ಅಳೆಯುವ ಶಾಸ್ತ್ರದಲ್ಲಿ ಸ್ಪಿಯರ್‌ಮನ್ ಆಗ ದೊಡ್ಡ ಹೆಸರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಗೋಪಾಲಸ್ವಾಮಿಯವರೇ. ಕಲ್ಕತ್ತೆಯ ನಂತರ ದೇಶದಲ್ಲಿ ಇದು ಎರಡನೆಯದು. ಮಹಾರಾಜಾ ಕಾಲೇಜಿನಲ್ಲಿ ಪಾಠ, ಪ್ರಯೋಗಾಲಯ, ವಿದ್ಯಾರ್ಥಿಗಳು ಎಂದು ಕೈತುಂಬ ಕೆಲಸವಿತ್ತು.

ಅದರ ನಡುವೆಯೇ ಅವರಿಗೆ ರೇಡಿಯೊ ಹುಚ್ಚು ಹಿಡಿಯಿತು. ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು 1935ರ ಸೆಪ್ಟೆಂಬರ್ 10ರಂದು ಪ್ರಸಾರ ಶುರುಮಾಡಿಯೇಬಿಟ್ಟರು. ಮೊದಲ ಕಾರ್ಯಕ್ರಮದಲ್ಲಿ ಕುವೆಂಪು ಕವಿತೆ ಓದಿದರು. ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಹೆಸರು ಹೊಳೆದದ್ದು ಗೋಪಾಲಸ್ವಾಮಿಯವರಿಗೆ ಎನ್ನುವವರಿದ್ದಾರೆ, ಜೊತೆಗಿದ್ದ ನಾ. ಕಸ್ತೂರಿಯವರಿಗೆ ಎನ್ನುವವರೂ ಇದ್ದಾರೆ. ರವೀಂದ್ರನಾಥ ಟ್ಯಾಗೋರರೇ ಈ ಹೆಸರಿಟ್ಟರು ಎಂಬ ಮಾತನ್ನೂ ನೀವು ಕೇಳಿರಬಹುದು. ಆದರೆ ಕಲ್ಕತ್ತೆಯ ಶಾರ್ಟ್‌ವೇವ್ ಕೇಂದ್ರಕ್ಕಾಗಿ ಟ್ಯಾಗೋರರು ಆ ಹೆಸರಿನ ಕವಿತೆ ಬರೆದದ್ದು 1938ರಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನ ಆಕಾಶವಾಣಿಗೆ ಮೂರು ವರ್ಷ ಆಗುತ್ತಾ ಬಂದಿತ್ತು.

ಈಗ 30 ವಾಟಿನ ವಿಷಯ. ಇದು ಸದ್ದಿನ ವಾಟ್ ಅಲ್ಲ, ಆಂಟೆನಾಗೆ ಹೋಗುವ ರೇಡಿಯೊ ಅಲೆಯ ಶಕ್ತಿ. ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್ ಇರುತ್ತದೆ. ಅದನ್ನು ಹಂತ ಹಂತವಾಗಿ ಹಿಗ್ಗಿಸಿ, ಅದರ ಏರಿಳಿತವನ್ನು ರೇಡಿಯೊ ಅಲೆಯ ಮೇಲೆ ಕೂರಿಸಬೇಕು. ವಾಲ್ವಿನ ಆನೋಡ್ ಮೂಲಕ ಈ ಕೆಲಸ ಮಾಡಿದರೆ, 30 ವಾಟಿನ ಅಲೆಯನ್ನು ಪೂರ್ತಿ ಏರಿಳಿಸಲು 15 ವಾಟಿಗೂ ಹೆಚ್ಚಿನ ಆಡಿಯೊ ಆಂಪ್ಲಿಫೈಯರ್ ಬೇಕಾಗುತ್ತದೆ. ಇನ್ನು ಮನೆಯಲ್ಲಿ ಕೂತು ಕೇಳುವವರ ಸೆಟ್ಟಿನಲ್ಲಿ ಬೇರೆಯೇ ಒಂದು ಆಂಪ್ಲಿಫೈಯರ್. ಎರಡು ಮೂರು ವಾಟ್ ಇದ್ದರೆ ಪಡಸಾಲೆ ತುಂಬುತ್ತಿತ್ತು.

ಆಗ ಟ್ರಾನ್ಸಿಸ್ಟರ್ ಇರಲಿಲ್ಲ. ಅದು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಹಾಗಾಗಿ ಎಲ್ಲವೂ ವಾಲ್ವ್. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಚೆಲ್ಲುತ್ತದೆ, ಎತ್ತರದ ವೋಲ್ಟೇಜಿನ ಆನೋಡ್ ಅವನ್ನು ಸೆಳೆಯುತ್ತದೆ, ನಡುವೆ ಜರಡಿಯಂಥ ಗ್ರಿಡ್ ಇರುತ್ತದೆ. ಗ್ರಿಡ್ಡಿನ ವೋಲ್ಟೇಜ್ ತುಸು ಬದಲಾದರೂ ಎಲೆಕ್ಟ್ರಾನ್‌ಗಳ ಹರಿವು ಬಹಳ ಬದಲಾಗುತ್ತದೆ. ತೂಬಿನ ಬಾಗಿಲನ್ನು ಒಂದು ಬೆರಳಗಲ ಎತ್ತಿ ಕಾಲುವೆಯ ನೀರನ್ನೆಲ್ಲ ಆಳಿದ ಹಾಗೆ. ಟ್ರಾನ್ಸಿಸ್ಟರ್ ಇದೇ ಕೆಲಸವನ್ನು ಬಿಸಿ ಮಾಡದೆ, ಘನವಸ್ತುವಿನೊಳಗೆ, ಕಡಿಮೆ ವೋಲ್ಟೇಜಿನಲ್ಲಿ ಮಾಡುತ್ತದೆ.

ವ್ಯತ್ಯಾಸ ಇರುವುದು ಇಲ್ಲಿ. ವಾಲ್ವಿನದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟ್. ಎಂಟು ಓಮಿನ ಸ್ಪೀಕರಿಗೆ ಬೇಕಾದದ್ದು ಅದರ ತದ್ವಿರುದ್ಧ. ಅದಕ್ಕೇ ನಡುವೆ ಭಾರವಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು. ಟ್ರಾನ್ಸಿಸ್ಟರ್ ಸ್ಪೀಕರನ್ನು ನೇರವಾಗಿಯೇ ನಡೆಸಬಲ್ಲದು. ಶಕ್ತಿ ಮೀರಿ ದುಡಿಸಿದಾಗ ವಾಲ್ವ್ ಆಂಪ್ಲಿಫೈಯರ್ ಸಾಮಾನ್ಯವಾಗಿ ಅಲೆಯ ತುದಿಯನ್ನು ಮೆಲ್ಲಗೆ ಚಪ್ಪಟೆ ಮಾಡುತ್ತದೆ, ಟ್ರಾನ್ಸಿಸ್ಟರಿನದು ಕತ್ತರಿಸಿದಂತೆ ಮಾಡುತ್ತದೆ. ಕಿವಿಗೆ ಎರಡನೆಯದು ಹೆಚ್ಚು ಕರ್ಕಶ. (ಹಳೆಯ ವಾಲ್ವ್ ರೇಡಿಯೊ ಅಟ್ಟದಲ್ಲಿದ್ದರೆ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.)

ಹಾಗಾದರೆ ವಾಲ್ವಿನ ದನಿ ಬೆಚ್ಚಗೆ ಎನ್ನುವುದು ನಿಜವೇ? ಅರ್ಧ ನಿಜ. ಮೇಲೆ ಹೇಳಿದ ವಿರೂಪ ಅಳೆಯಲು ಸಿಗುತ್ತದೆ, ಕಿವಿಗೂ ಸಿಗುತ್ತದೆ. ಆದರೆ ಕೆಂಪಗೆ ಮಿನುಗುವ ಬುರುಡೆ ಕಣ್ಣೆದುರು ಇದ್ದಾಗ ಮನಸ್ಸು ಬೆಚ್ಚಗಿನ ದನಿಯನ್ನು ನಿರೀಕ್ಷಿಸುತ್ತದೆ, ನಿರೀಕ್ಷಿಸಿದ್ದನ್ನೇ ಕೇಳುತ್ತದೆ. ಅದಕ್ಕಾಗಿಯೇ ಎರಡು ಆಂಪ್ಲಿಫೈಯರ್ ಹೋಲಿಸುವಾಗ ಸದ್ದಿನ ಮಟ್ಟ ಸರಿಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಬೇಕು. ಈ ಪ್ರಶ್ನೆಯ ಅರ್ಧ ಭಾಗ ಎಲೆಕ್ಟ್ರಾನಿಕ್ಸಿನದ್ದು, ಇನ್ನರ್ಧ ಗೋಪಾಲಸ್ವಾಮಿಯವರ ವಿಭಾಗದ್ದು ಎನ್ನುವುದು ನಮ್ಮ ಅಭಿಪ್ರಾಯ.

ಖಾಸಗಿ ಕೇಂದ್ರ ನಡೆಸುವುದು ಸುಲಭವಿರಲಿಲ್ಲ. ಕೈಯಿಂದ ದುಡ್ಡು ಹಾಕಿದರು, ಊರಿನವರ ನೆರವು ಪಡೆದರು. ಮುಂದೆ 250 ವಾಟಿನ ಟ್ರಾನ್ಸ್‌ಮಿಟರ್ ಬಂತು. ಶಕ್ತಿ ಎಂಟು ಪಟ್ಟಿಗೂ ಹೆಚ್ಚಾಯಿತು, ಆದರೆ ಅಷ್ಟೇ ದೂರದಲ್ಲಿ ಅಲೆಯ ಬಲ ಹೆಚ್ಚುವುದು ಮೂರು ಪಟ್ಟಿಗಿಂತ ತುಸು ಕಡಿಮೆ, ಏಕೆಂದರೆ ಅದು ಶಕ್ತಿಯ ವರ್ಗಮೂಲದಂತೆ ಏರುತ್ತದೆ. ಸ್ಪೀಕರಿನ ಲೆಕ್ಕ ಇನ್ನೂ ಜಿಪುಣ. ವಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್, ಕಿವಿಗೆ ಸದ್ದು ಇಮ್ಮಡಿ ಅನಿಸಲು ಬೇಕಾದದ್ದು ಸುಮಾರು 10. ಅಂದರೆ 30 ವಾಟಿನಿಂದ 250ಕ್ಕೆ ಹೋದರೂ ಸದ್ದು ಪೂರ್ತಿ ಇಮ್ಮಡಿಯಾಗುವುದಿಲ್ಲ. ಪೆಂಡಾಲಿಗೆ ಸಾವಿರ ಬದಲು ಎರಡು ಸಾವಿರ ವಾಟ್ ತಂದವರಿಗೆ ಬಾಡಿಗೆಯಷ್ಟೇ ಎದ್ದು ಕಾಣುವುದು. ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದಿದ್ದರಂತೂ ಆ ಅಂಕಿಯನ್ನು ಓದಲೇಬೇಡಿ, ಆರ್‌ಎಂಎಸ್ ಎಷ್ಟು ಎಂದು ಕೇಳಿ.

1940ರ ದಶಕದ ಆರಂಭದಲ್ಲಿ ಕೇಂದ್ರ ಮೈಸೂರು ಸಂಸ್ಥಾನದ ಸರ್ಕಾರಕ್ಕೆ, 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಆಲ್ ಇಂಡಿಯಾ ರೇಡಿಯೊ ತಾನೂ ಆಕಾಶವಾಣಿ ಎಂದು ಕರೆದುಕೊಳ್ಳತೊಡಗಿತು. 1960ರ ದಶಕದ ಶುರುವಿನಲ್ಲಿ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಿಂದ ರೇಡಿಯೊ ವಾಲ್ವುಗಳು ಹೊರಬಂದವು, ಹಿಂದೆಯೇ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳೂ ಬಂದವು.